ಮೂರು ಸಲದ ಕರೆಗಂಟೆ

ಮೂರನೇ ಮಹಡಿಯ ಆ ಮನೆಗೆ ಬಾಗಿಲು ಒಂದು, ಕರೆಗಂಟೆ ಒಂದು, ಅಡುಗೆಮನೆ ಒಂದು, ಸಂಸಾರ ಮೂರು. ಒಂದು ಸಲ ಬಾರಿಸಿದರೆ ಟ್ರಾಮ್ ಕಂಡಕ್ಟರ್ ಗ್ಲಾಫಿರಾ ಏಳಬೇಕು. ಎರಡು ಸಲವಾದರೆ ರಿಮ್ಮಾ. ಮೂರು ಸಲವೆಂದರೆ ಪಡಸಾಲೆಯ ತುದಿಯ ಕೋಣೆಯ ನಿಕೊನೊವ್ನಾ ಅಜ್ಜಿ. ಹೊರಬಾಗಿಲ ಚೌಕಟ್ಟಿಗೆ ಹಾಗೆಂದು ಬರೆದ ಮೂರು ಚೀಟಿ ಅಂಟಿಸಿತ್ತು, ಅಜ್ಜಿಯದೇ ದುಂಡು ಅಕ್ಷರ.

ಅಜ್ಜಿಗೆ ಮಾತ್ರ ಎಷ್ಟು ಸಲ ಬಾರಿಸಿದರೂ ಒಂದೇ, ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಎದುರು ನಿಂತು ಕಿರುಚಿದರೆ ಒಂದಿಷ್ಟು ಅಷ್ಟೇ. ಮಾಸ್ಕೋದ ಒಂದು ನಾಟಕಶಾಲೆಯಲ್ಲಿ ಬಂದವರ ಕೋಟು ಇಸಿದುಕೊಂಡು ನಂಬರಿನ ಹಿತ್ತಾಳೆ ಬಿಲ್ಲೆ ಕೊಡುವುದು ಅವಳ ನಲವತ್ತು ವರ್ಷದ ಕೆಲಸ. ಗೋಡೆಯಾಚೆಯ ಚಪ್ಪಾಳೆಯೇ ಕಿವಿಯೊಳಗೆ ತುಂಬಿಹೋಗಿ ಬೇರೆ ಸದ್ದಿಗೆ ಜಾಗ ಉಳಿದಿಲ್ಲ ಎಂದು ಅವಳೇ ನಗೆಯಾಡುತ್ತಿದ್ದಳು. ಬಾಗಿಲಿಗೆ ಯಾರು ಬಂದರೆಂದು ಅವಳಿಗೆ ತಿಳಿಸುತ್ತಿದ್ದದ್ದು ಪುಗೊವ್ಕಾ. ಪುಗೊವ್ಕಾ ಎಂದರೆ ಕೋಟಿನ ಗುಂಡಿ. ಅಂಗಳದ ಹಿಮದಲ್ಲಿ ಸಿಕ್ಕಿದ್ದ ಬಿಳಿ ಹೆಣ್ಣುನಾಯಿ, ಒಂದು ಕಿವಿ ಮಾತ್ರ ಜೇನಿನ ಬಣ್ಣ, ಯಾರದೋ ಕೋಟಿನಿಂದ ಉದುರಿದ ಗುಂಡಿಯ ಹಾಗೆ ಬಿದ್ದಿತ್ತಂತೆ. ಒಂದು ಸಲ ಬಾರಿಸಿದರೆ ಅದು ಕಣ್ಣೂ ತೆರೆಯುತ್ತಿರಲಿಲ್ಲ. ಎರಡಕ್ಕೆ ಬಾಲದ ತುದಿ ಅಲುಗುತ್ತಿತ್ತು. ಮೂರನೆಯದು ಮೊಳಗುವಷ್ಟರಲ್ಲಿ ಬಾಗಿಲಿಗೆ ಓಡಿ, ಅಲ್ಲಿಂದ ತಿರುಗಿ ಬಂದು, ಅಜ್ಜಿಯ ಲಂಗ ಹಿಡಿದು ಎಳೆಯುತ್ತಿತ್ತು.

ಇಷ್ಟು ಗೊತ್ತಿದ್ದೂ ರಿಮ್ಮಾ ಆ ನಾಯಿಯನ್ನು ಕದ್ದಳು.

ರಿಮ್ಮಾಳಿಗೆ ಇಪ್ಪತ್ತನಾಲ್ಕು ವರ್ಷ. ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಹೊರಗೆ ಹೆಸರಿನ ಹಲಗೆ ಇರಲಿಲ್ಲ. ಎಲ್ಲಿ ಕೆಲಸ ಎಂದು ಕೇಳಿದವರಿಗೆ ಅಂಚೆಪೆಟ್ಟಿಗೆಯ ನಂಬರು ಹೇಳಿ ಸುಮ್ಮನಾಗಬೇಕು ಎಂದು ಸಹಿ ಹಾಕಿಸಿಕೊಂಡಿದ್ದರು. ಒಳಗೆ ನಾಯಿಗಳಿದ್ದವು. ಬೀದಿಯಿಂದ ಹಿಡಿದು ತಂದ, ಆರು ಏಳು ಕಿಲೋ ಮೀರದ ಹೆಣ್ಣುನಾಯಿಗಳು. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಆದಷ್ಟೂ ಬಿಳಿಯವು. ಅವುಗಳನ್ನು ರಾಕೆಟ್ಟಿನ ಮೂತಿಯಲ್ಲಿ ಕೂರಿಸಿ ಮುಗಿಲಿಗೆ ಕಳಿಸುತ್ತಿದ್ದರು. ಹೋಗಿ ಬಂದ ನಾಯಿಯ ಎದೆಬಡಿತ ಹೇಗಿದೆ ಎಂದು ನೋಡಿ, ಮುಂದೊಂದು ದಿನ ಮನುಷ್ಯ ಹೋಗಬಹುದೋ ಬಾರದೋ ಎಂದು ತಿಳಿಯುವುದು. ಈ ನಾಯಿಗಳಿಗೆ ಉಣಿಸುವುದು, ತಿರುಗಾಡಿಸುವುದು, ಅಳದೆ ಕೂರುವುದನ್ನು ಕಲಿಸುವುದು ರಿಮ್ಮಾಳ ಪಾಲಿನ ಕೆಲಸ.

ಗ್ಲಾಫಿರಾಳಿಗೆ ಇದೊಂದೂ ಗೊತ್ತಿಲ್ಲ, ಆದರೆ ಅವಳ ಮೂಗು ಚುರುಕು. ಅಡುಗೆಮನೆಯಲ್ಲಿ ಕೋಸು ಹೆಚ್ಚುತ್ತ, “ಮೈಯೆಲ್ಲ ನಾಯಿ ವಾಸನೆ ಕಣೇ ನಿಂದು. ಇದನ್ನ ಮೂಸಿ ಯಾವ ಗಂಡು ಹತ್ರ ಬರುತ್ತೆ? ಬಂದ್ರೆ ಬೊಗಳಿಕೊಂಡೇ ಬರಬೇಕು,” ಎನ್ನುತ್ತಿದ್ದಳು. ರಿಮ್ಮಾ ನಗುತ್ತಿದ್ದಳು. ಒಳಗೊಳಗೆ ಅವಳಿಗೆ ಹೆಮ್ಮೆ. ಚಿಕ್ಕಂದಿನಲ್ಲಿ ಕೇಳಿದ ಕಥೆಗಳಲ್ಲಿ ರಾಜಕುಮಾರರು ಹದ್ದಿನ ಬೆನ್ನೇರಿ ಮೋಡದ ಮೇಲೆ ಹೋಗುತ್ತಿದ್ದರು, ಇಲ್ಲಿ ತನ್ನ ಕೈಯಿಂದ ಗಂಜಿ ಉಂಡ ನಾಯಿ ಹೋಗುತ್ತದೆ ಎಂದು.

ಫೆಬ್ರವರಿಯ ಒಂದು ಮಧ್ಯಾಹ್ನ ತಿರುಗಾಟಕ್ಕೆ ಕರೆದೊಯ್ದ ನಾಯಿಯ ಕೊರಳು ಉಜ್ಜಿ ಕೆಂಪಾಗಿದ್ದು ಕಂಡಿತು. ರಿಮ್ಮಾ ಮರುಗಿ ಕೊರಳಪಟ್ಟಿಯನ್ನು ಒಂದು ತೂತು ಸಡಿಲ ಮಾಡಿದಳು. ನಾಯಿ ತಲೆ ನುಸುಳಿಸಿ ಬೇಲಿ ದಾಟಿ ಹೋಯಿತು, ಮತ್ತೆ ಬರಲಿಲ್ಲ. ಆರು ತಿಂಗಳು ಕಲಿಸಿದ ನಾಯಿ ಅದು. ವೈದ್ಯ ವಿಕೆಂತಿ ಲ್ವೊವಿಚ್ ಎಂದೂ ಕೂಗಾಡಿದವರಲ್ಲ, ಅವತ್ತೂ ಕೂಗಾಡಲಿಲ್ಲ. ಕನ್ನಡಕ ಒರೆಸುತ್ತ, ಮೂರು ದಿನದೊಳಗೆ ಅದೇ ತೂಕದ್ದೊಂದು ತಂದರೆ ತಾನು ಯಾರಿಗೂ ಹೇಳುವುದಿಲ್ಲ, ತರದಿದ್ದರೆ ಹೇಳಲೇಬೇಕಾಗುತ್ತದೆ ಎಂದರು. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಈ ಊರಿನಲ್ಲಿ ಇರಲು ಗುರುತಿನ ಪುಸ್ತಕದಲ್ಲಿ ಒತ್ತಿಕೊಟ್ಟ ಅನುಮತಿಯ ಮೊಹರೂ ಹೋಗುತ್ತದೆ.

ಎರಡು ದಿನ ಅವಳು ಜೇಬಿನಲ್ಲಿ ಸಾಸೇಜಿನ ಚೂರು ಇಟ್ಟುಕೊಂಡು ರೈಲು ನಿಲ್ದಾಣದ ಸುತ್ತ ಅಲೆದಳು. ಆ ಚಳಿಗೆ ಬೀದಿನಾಯಿಗಳೆಲ್ಲ ಯಾವ ಬಿಲ ಸೇರಿದ್ದವೋ. ಮೂರನೆಯ ದಿನ ಬರಿಗೈಲಿ ಮನೆಯ ಅಂಗಳಕ್ಕೆ ಬಂದಾಗ ಪುಗೊವ್ಕಾ ಒಂಟಿಯಾಗಿ ಹಿಮದಲ್ಲಿ ಮೂಗಾಡಿಸುತ್ತಿತ್ತು. ಕರೆಯದೆಯೇ ಓಡಿಬಂತು. ಒಂದೇ ಅಡುಗೆಮನೆಯ ವಾಸನೆ, ಭಯಪಡುವುದೇನಿದೆ. ರಿಮ್ಮಾ ಮುದ್ದಿಸಲೆಂದೇ ಎತ್ತಿಕೊಂಡಳು. ಎತ್ತಿದ ಕೈ ತಾನಾಗಿ ತೂಗಿತು. ಆರೂವರೆ ಕಿಲೋ.

ಸಂಸ್ಥೆಯ ಪುಸ್ತಕದಲ್ಲಿ ಅವಳು ಬರೆದದ್ದು ಇಷ್ಟು: ಬೀದಿನಾಯಿ, ರೈಲು ನಿಲ್ದಾಣದ ಬಳಿ ಸಿಕ್ಕಿದ್ದು, ಒಡೆಯರಿಲ್ಲ.

ಸಂಜೆ ಮನೆಗೆ ಬಂದರೆ ಅಜ್ಜಿ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು. ತನ್ನ ದನಿ ತನಗೇ ಕೇಳದವಳ ಕೂಗು ಅದು, ಕಿಟಕಿ ಕಿಟಕಿಗೂ ಹೋಗಿ ಬಡಿಯುತ್ತಿತ್ತು. ರಿಮ್ಮಾ ಕೋಟನ್ನೂ ಕಳಚದೆ ಅವಳ ಜೊತೆ ಹುಡುಕಲು ಹೊರಟಳು. ಸೌದೆಯ ಕೊಟ್ಟಿಗೆಯ ಹಿಂದೆ, ಬೇಕರಿಯ ಸಂದಿಯಲ್ಲಿ, ನಾಲ್ಕು ಬೀದಿಯಾಚೆ. ಅಜ್ಜಿಯ ತೋಳು ಹಿಡಿದುಕೊಂಡು, “ಪುಗೊವ್ಕಾ, ಪುಗೊವ್ಕಾ,” ಎಂದು ತಾನೂ ಕೂಗಿದಳು. ಆ ಕೂಗನ್ನು ನೆನೆದರೆ ಮುಂದೆಯೂ ಅವಳಿಗೆ ಕೆನ್ನೆ ಸುಡುತ್ತಿತ್ತು.

ಕದ್ದದ್ದು ಭಯಕ್ಕೆ ಎನ್ನೋಣ. ಆದರೆ ಹಿಂದಕ್ಕೆ ಕೊಡುವ ದಾರಿಯೂ ಒಮ್ಮೆ ತೆರೆದಿತ್ತು. ಪುಗೊವ್ಕಾ ಇಕ್ಕಟ್ಟಾದ ಗೂಡಿನಲ್ಲಿ ಕೂರಲೇ ಇಲ್ಲ. ಪಟ್ಟಿ ಕಟ್ಟಿದ ಕೂಡಲೇ ಊಳಿಡುತ್ತಿತ್ತು, ಗಂಜಿ ಮುಟ್ಟುತ್ತಿರಲಿಲ್ಲ, ಒಂಬತ್ತು ದಿನದಲ್ಲಿ ಪಕ್ಕೆಲುಬು ಎದ್ದವು. ಹತ್ತನೆಯ ದಿನ ವಿಕೆಂತಿ ಲ್ವೊವಿಚ್ ಬಂದು ನೋಡಿ ತಲೆಯಾಡಿಸಿದರು.

“ಇದರ ಕೈಲಾಗಲ್ಲ. ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟುಬಿಡಮ್ಮ,” ಎಂದರು.

ಅಷ್ಟೇ. ಬಾಗಿಲು ತೆರೆದೇ ಇತ್ತು. ಎತ್ತಿಕೊಂಡು ಮನೆಗೆ ಹೋಗಿ, ಪುಗೊವ್ಕಾ ಸಿಕ್ಕಳು, ಅಜ್ಜಿ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜೊತೆಗೆ ಕೆಲಸ ಮಾಡುವವಳೊಬ್ಬಳ ನಾಯಿಗಳು ಎರಡೂ ರಾಕೆಟ್ಟಿಗೆ ಆಯ್ಕೆಯಾಗಿದ್ದವು. ನನ್ನದು ಮಾತ್ರ ಕೈಲಾಗದ್ದೇ ಎಂಬ ಹಟವೊಂದು ರಿಮ್ಮಾಳೊಳಗೆ ಹೆಡೆಯೆತ್ತಿತು. ಗೂಡಿನ ಪಕ್ಕದಲ್ಲಿ ಊಟದ ಹೊತ್ತು ತಿಳಿಸುವ ಗಂಟೆಯ ಗುಂಡಿ ಇತ್ತು. ಅವಳ ಬೆರಳು ಅದನ್ನು ಮೂರು ಸಲ ಒತ್ತಿತು.

ಊಳು ಅರ್ಧಕ್ಕೇ ನಿಂತಿತು. ಜೇನುಬಣ್ಣದ ಕಿವಿ ನೆಟ್ಟಗಾಯಿತು. ನಾಯಿ ಉಸಿರು ಬಿಗಿಹಿಡಿದು ಕೋಣೆಯ ಬಾಗಿಲನ್ನೇ ನೋಡುತ್ತ ಕೂತಿತು. ಕಾಯುತ್ತ. ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ.

“ಹ್ಯಾಗೆ ಕಲಿಸಿದೆ ಇದನ್ನ?” ವೈದ್ಯರು ಬೆರಗಾಗಿ ಕೇಳಿದರು.

ಸುಮ್ಮನೆ ಹೊಳೆಯಿತು ಎಂದಳು ರಿಮ್ಮಾ. ಅವರು ಅವಳ ಬೆನ್ನು ತಟ್ಟಿದರು. ಆ ಗಳಿಗೆಯಲ್ಲಿ ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ಮುಚ್ಚಿಡಬೇಕಾದ ಮಾತುಗಳಲ್ಲಿ ಇದೂ ಒಂದು.

ಅಂದಿನಿಂದ ದಿನವೂ ಗಂಟೆಯ ಮೂರು ಮೊಳಗು, ಆಮೇಲೆ ರಿಮ್ಮಾಳ ಕೈಯಿಂದ ಒಂದು ತುತ್ತು. ಮೊದಮೊದಲು ಗಂಟೆ ಮೊಳಗಿದಾಗ ನಾಯಿ ಬಾಗಿಲಿಗೆ ಹಾರಲು ನೋಡುತ್ತಿತ್ತು, ಪಟ್ಟಿ ಹಿಡಿದು ಜಗ್ಗುತ್ತಿತ್ತು. ವಾರಗಳು ಕಳೆದಂತೆ ಜಗ್ಗುವುದು ಕಡಿಮೆಯಾಯಿತು. ಕೊನೆಗೆ ಮೂರು ಸಲ ಬಾರಿಸಿದರೆ ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಕಲ್ಲಿನ ಹಾಗೆ ಕೂತು ರಿಮ್ಮಾಳ ಕೈ ನೋಡುವುದನ್ನು ಕಲಿತಿತು. ಇಡೀ ಸಂಸ್ಥೆಯಲ್ಲೇ ಅಷ್ಟು ಸುಮ್ಮನೆ ಕೂರುವ ನಾಯಿ ಇಲ್ಲವೆಂದು ಅದಕ್ಕೆ ತಿಖೋನ್ಯಾ ಎಂದು ಹೊಸ ಹೆಸರಿಟ್ಟರು. ಸದ್ದಿಲ್ಲದವಳು ಎಂದರ್ಥ.

ಇತ್ತ ಮನೆಯಲ್ಲಿ ಮೂರು ಸಲ ಬಾರಿಸಿದಾಗ ಎದ್ದು ಓಡುವವಳು ಈಗ ರಿಮ್ಮಾ. ಅಂಚೆಯವಳು ಬಂದರೂ, ದಾದಿ ಬಂದರೂ, ನಾಟಕಶಾಲೆಯ ಹಳೆಯ ಗೆಳತಿ ಬಂದರೂ ಅವಳೇ ಬಾಗಿಲು ತೆಗೆದು, ಅಜ್ಜಿಯ ಕೋಣೆಗೆ ಹೋಗಿ ಮೂರು ಬೆರಳು ಎತ್ತಿ ತೋರಿಸುವಳು. ಗ್ಲಾಫಿರಾಳೂ ಅದನ್ನೇ ಕಲಿತಳು. ಅಜ್ಜಿ ರಿಮ್ಮಾಳ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು, “ಗುಂಡಿ ಹೋಯ್ತು, ನೀನು ಸಿಕ್ಕಿದೆ. ನೀನೇ ಈಗ ನನ್ನ ಕಿವಿ ಮಗಳೇ,” ಎನ್ನುತ್ತಿದ್ದಳು. ಬೆರಳು ಬಿಡಿಸಿಕೊಳ್ಳಲು ರಿಮ್ಮಾಳಿಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಅಜ್ಜಿ ಒಲೆಯ ಮುಂದೆ ಬೆನ್ನು ತಿರುಗಿಸಿ ರವೆಗಂಜಿ ಕಲಸುತ್ತಿದ್ದಾಗ ರಿಮ್ಮಾ ಬಾಗಿಲ ಬಳಿ ನಿಂತು, ನಾನೇ ತಗೊಂಡು ಹೋದದ್ದು ಅಜ್ಜಿ, ಬದುಕಿದ್ದಾಳೆ, ಎಂದು ಪಿಸುಗುಟ್ಟಿದಳು. ಅಜ್ಜಿ ಗಂಜಿ ಕಲಸುತ್ತಲೇ ಇದ್ದಳು. ಹೇಳಿದ್ದಾಯಿತಲ್ಲ ಎಂದು ರಿಮ್ಮಾ ತನ್ನ ಕೋಣೆಗೆ ಹೋಗಿ ಕದ ಹಾಕಿಕೊಂಡಳು. ಇದಕ್ಕಿಂತ ಹೇಡಿತನ ಇನ್ನೊಂದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಜೂನ್ ತಿಂಗಳಲ್ಲಿ ನಾಯಿಗಳನ್ನೂ ರಿಮ್ಮಾಳನ್ನೂ ವೋಲ್ಗಾ ನದಿಯಾಚೆಯ ಹುಲ್ಲುಬಯಲಿಗೆ ಕರೆದೊಯ್ದರು. ಮಾಚಿಪತ್ರೆಯ ಕಹಿವಾಸನೆ, ಮರವಿಲ್ಲದ ನೆಲ, ಅದರ ನಡುವೆ ಬಿಳಿ ರಾಕೆಟ್ಟು. ಬೆಳಗಿನ ಜಾವ ತಿಖೋನ್ಯಾಳನ್ನೂ ಗಾಲ್ಕಾ ಎಂಬ ಇನ್ನೊಂದು ನಾಯಿಯನ್ನೂ ಮೂತಿಯೊಳಗೆ ಕೂರಿಸಿ ಕಟ್ಟಿದರು. ಹದ್ದಿನ ಬೆನ್ನೇರಿದ ಯಾವ ರಾಜಕುಮಾರನನ್ನೂ ಯಾರೂ ಹೀಗೆ ಪಟ್ಟಿ ಕಟ್ಟಿ ಕಳಿಸಿರಲಿಲ್ಲ ಎಂದು ರಿಮ್ಮಾಳಿಗೆ ಅನಿಸಿತು. ಅವನು ತಾನಾಗಿ ಹೋಗಿದ್ದ. ಹೊರಡುವ ಮೊದಲು ತಿಖೋನ್ಯಾಳ ಎದೆಬಡಿತ ತೀರಾ ಏರಿತು. ಮೂತಿಯೊಳಕ್ಕೆ ತಂತಿ ಎಳೆದು ಜೋಡಿಸಿದ ಗಂಟೆ ಬಾರಿಸಮ್ಮ ಎಂದರು ವೈದ್ಯರು. ಅವಳು ನೆಲದೊಳಗಿನ ಕೋಣೆಯಿಂದ ಮೂರು ಸಲ ಒತ್ತಿದಳು. ಕಾಗದದ ಮೇಲೆ ಕುಣಿಯುತ್ತಿದ್ದ ಶಾಯಿಗೆರೆ ಮೆಲ್ಲಗೆ ಇಳಿದು ಸಮವಾಯಿತು. ಸುತ್ತಲಿದ್ದವರು ಶಹಭಾಸ್ ಎಂದರು. ಮೇಲೆ, ಬೆಂಕಿಯ ತಲೆಯ ಮೇಲೆ ಕೂತ ಜೀವವೊಂದು ಈಗ ತುತ್ತು ಬರುತ್ತದೆಂದು ನಂಬಿ ಸಮಾಧಾನವಾಗಿತ್ತು. ಆಮೇಲೆ ನೆಲ ನಡುಗಿತು.

ಇಪ್ಪತ್ತು ನಿಮಿಷಕ್ಕೆ ಪ್ಯಾರಾಚೂಟ್ ಹುಲ್ಲಿನ ಮೇಲೆ ಬಂದು ಬಿತ್ತು. ಎರಡೂ ನಾಯಿ ಬದುಕಿದ್ದವು. ರಿಮ್ಮಾ ಉಸಿರು ಕಟ್ಟಿ ಓಡಿ ಮುಚ್ಚಳ ತೆಗೆಸಿದಾಗ ತಿಖೋನ್ಯಾ ಅವಳ ಮುಖ ನೋಡಲಿಲ್ಲ, ಕೈ ನೋಡಿತು. ಓಡುವ ಗಡಿಬಿಡಿಯಲ್ಲಿ ಅವಳು ಏನೂ ತಂದಿರಲಿಲ್ಲ.

ಊರಿಗೆ ಮರಳಿದಾಗ ಅಡುಗೆಮನೆಯ ಮೇಜಿನ ಮೇಲೆ ಕಾಡುಹಣ್ಣಿನ ಜಾಮಿನ ಜಾಡಿಯಿತ್ತು, ಅದರ ಮುಂದೆ ಅಜ್ಜಿ ಕೂತಿದ್ದಳು. ಅವಳ ತಂಗಿ ವೊಲೊಗ್ದಾದಿಂದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಎರಡು ರೈಲುಗಳ ನಡುವೆ ಬಂದಿದ್ದಳಂತೆ. ಹನ್ನೊಂದು ವರ್ಷವಾಗಿತ್ತು ಅಕ್ಕತಂಗಿಯರು ಮುಖ ನೋಡಿ. ಗ್ಲಾಫಿರಾ ಟ್ರಾಮಿನಲ್ಲಿ, ರಿಮ್ಮಾ ಬಯಲಿನಲ್ಲಿ. ತಂಗಿ ಮೂರು ಸಲ, ಮತ್ತೆ ಮೂರು ಸಲ ಬಾರಿಸುತ್ತ ಅರ್ಧ ಗಂಟೆ ನಿಂತು, ಜಾಡಿಯನ್ನೂ ಒಂದು ಚೀಟಿಯನ್ನೂ ಹೊಸ್ತಿಲ ಬಳಿ ಇಟ್ಟು ರೈಲಿಗೆ ಹೋಗಿದ್ದಳು. ಅಜ್ಜಿ ಆ ಹೊತ್ತಿನಲ್ಲಿ ಗೋಡೆಯೀಚೆ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು.

“ಗುಂಡಿ ಇದ್ದಿದ್ರೆ,” ಎಂದಳು ಅಜ್ಜಿ. ಜಾಮು ತಿನ್ನು ಎಂದು ಚಮಚ ಕೊಟ್ಟಳು. ರಿಮ್ಮಾ ತಿಂದಳು.

ಆಗಸ್ಟಿನಲ್ಲಿ ನಾಯಿ ಇನ್ನೊಮ್ಮೆ ಹೋಗಿ ಬಂತು. ಈ ಸಲ ಹಿಂಗಾಲು ಸ್ವಲ್ಪ ಕುಂಟಿತು. ವಿಕೆಂತಿ ಲ್ವೊವಿಚ್ ಇದರ ಋಣ ಮುಗಿಯಿತು, ಯಾರಾದರೂ ಮನೆಗೆ ಒಯ್ಯುವಿರಾ ಎಂದು ಕೇಳಿ ಮುಗಿಸುವಷ್ಟರಲ್ಲಿ ರಿಮ್ಮಾಳ ಕೈ ಮೇಲಿತ್ತು.

ಟ್ರಾಮಿನಲ್ಲಿ ನಾಯಿಯನ್ನು ಮಳೆಕೋಟಿನೊಳಗೆ ಅವುಚಿಕೊಂಡು ಬರುವಾಗ ಎಲ್ಲ ಹೇಳಿಬಿಡಬೇಕೆಂದು ಮಾತು ಜೋಡಿಸಿಕೊಂಡಿದ್ದಳು. ಆದರೆ ಬಾಗಿಲು ತೆಗೆದದ್ದೇ ನಾಯಿ ಕೋಟಿನಿಂದ ಜಾರಿ, ಕುಂಟುತ್ತ ಪಡಸಾಲೆಯುದ್ದಕ್ಕೂ ಓಡಿ, ಅಜ್ಜಿಯ ಮೈಮೇಲೆ ಹಾರಿತು. ಅಜ್ಜಿ ನೆಲಕ್ಕೇ ಕೂತುಬಿಟ್ಟಳು. ಎಲ್ಲಿ ಸಿಕ್ಕಳು, ಯಾರು ಕೊಟ್ಟರು ಎಂದು ಕೇಳುತ್ತ ಅಳುತ್ತಿದ್ದಳು. ರಿಮ್ಮಾಳ ಬಾಯಿಂದ ಬಂದದ್ದು, ಮಾರುಕಟ್ಟೆ ಹತ್ತಿರ ಸಿಕ್ಕಳು, ಎಂಬ ಮಾತು. ಗಟ್ಟಿಯಾಗಿಯೇ ಬಂತು. ಸುಳ್ಳು ಹೇಳಲು ಅವಳ ದನಿಗೆ ಕಷ್ಟವಾಗಲಿಲ್ಲ.

ಅಜ್ಜಿ ಅವಳ ಎರಡೂ ಕೈಗೆ ಮುತ್ತಿಟ್ಟಳು. ಗ್ಲಾಫಿರಾ ಕೂಡ ಮೂಗೊರೆಸಿಕೊಂಡು, ನಿನ್ನ ನಾಯಿ ವಾಸನೆಯಿಂದ ಒಂದು ಉಪಕಾರವಾದರೂ ಆಯಿತು ಬಿಡು ಎಂದಳು.

ನಾಲ್ಕು ದಿನ ಹಬ್ಬದಂತೆ ಕಳೆಯಿತು. ಐದನೆಯದು ಭಾನುವಾರ. ಅಜ್ಜಿ ರಿಮ್ಮಾಳಿಗೆಂದೇ ಕೋಸಿನ ಕಡುಬು ಬೇಯಿಸಿದ್ದಳು, ಅಡುಗೆಮನೆಯಲ್ಲಿ ಮೂವರೂ ಚಹಾ ಕುಡಿಯುತ್ತಿದ್ದರು. ನಾಯಿ ಅಜ್ಜಿಯ ಕಾಲ ಮೇಲೆ ಮಲಗಿತ್ತು. ಆಗ ಕರೆಗಂಟೆ ಮೂರು ಸಲ ಮೊಳಗಿತು.

ನಾಯಿ ಎದ್ದಿತು. ಬಾಗಿಲಿಗೆ ಹೋಗಲಿಲ್ಲ. ಅಜ್ಜಿಯ ಲಂಗವನ್ನೂ ಮುಟ್ಟಲಿಲ್ಲ. ಮೇಜಿನ ಸುತ್ತ ಕುಂಟುತ್ತ ಬಂದು ರಿಮ್ಮಾಳ ಎದುರು ಕೂತಿತು. ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ರೆಪ್ಪೆ ಅಲುಗಿಸದೆ ಅವಳ ಕೈ ನೋಡುತ್ತ ಕೂತಿತು.

ಗ್ಲಾಫಿರಾ ಅಭ್ಯಾಸದಂತೆ ಅಜ್ಜಿಗೆ ಮೂರು ಬೆರಳು ತೋರಿಸಿ ಬಾಗಿಲಿಗೆ ಹೋದಳು. ಅಜ್ಜಿ ಬೆರಳು ನೋಡಿದಳು, ನಾಯಿಯನ್ನು ನೋಡಿದಳು. “ಗುಂಡೀ, ನಮಗೆ ಕಣೇ,” ಎಂದು ಲಂಗ ಅಲುಗಿಸಿ ಕರೆದಳು. ನಾಯಿ ತಿರುಗಲಿಲ್ಲ. ಅಜ್ಜಿಯ ನೋಟ ನಾಯಿಯ ಕಣ್ಣಿನಿಂದ ಹೊರಟು ರಿಮ್ಮಾಳ ಕೈಗೆ, ಕೈಯಿಂದ ಮುಖಕ್ಕೆ ಮೆಲ್ಲಗೆ ಏರಿತು.

“ಬಿಲ್ಲೆ ಅದಲುಬದಲಾಗಿದೆ,” ಎಂದಳು. “ನನ್ನ ನಂಬರಿಗೆ ಇವಳು ನಿನ್ನ ಹತ್ರ ಬರ್ತಿದ್ದಾಳೆ. ಯಾಕೆ ಮಗಳೇ?”

ಈಗ ಪಿಸುಗುಟ್ಟುವ ಹಾಗಿರಲಿಲ್ಲ. ಬಾಗಿಲಿನಿಂದ ಗ್ಲಾಫಿರಾ ಮರಳಿ ಬರುತ್ತಿದ್ದಳು, ಹಿಂದೆಯೇ ಅಂಚೆಯವಳೂ ಒಳಗೆ ಬಂದಿದ್ದಳು. ಅವರೆಲ್ಲರೆದುರು, ಪೇಟೆಯಲ್ಲಿ ತರಕಾರಿ ಕೂಗುವವಳ ಹಾಗೆ, ರಿಮ್ಮಾ ತನ್ನ ಪಾಪವನ್ನು ಕಿರುಚಿ ಹೇಳಬೇಕಾಯಿತು.

“ನಾನೇ ಕದ್ದೆ ಅಜ್ಜಿ. ಫೆಬ್ರವರಿಯಲ್ಲಿ. ನಿಮ್ಮ ಜೊತೆ ಹುಡುಕಿದ್ದು ಸುಳ್ಳು. ನಿಮ್ಮ ಬೆಲ್ಲು ಹೊಡೆದೇ ಇವಳನ್ನ ಸುಮ್ಮನೆ ಕೂರಿಸ್ತಿದ್ದೆ. ನೀವು ಬರ್ತೀರ ಅಂತ ಕೂರ್ತಿದ್ಲು.”

ಅಂಚೆಯವಳು ಮೇಜಿನ ಮೇಲೆ ಕಾಗದವಿಟ್ಟು ಸದ್ದಿಲ್ಲದೆ ಹೊರಟುಹೋದಳು.

“ಎಲ್ಲಿ ಕೂರಿಸ್ತಿದ್ದೆ?” ಅಜ್ಜಿ ಕೇಳಿದಳು.

ಅದನ್ನು ಹೇಳುವಂತಿರಲಿಲ್ಲ, ಸಹಿ ಹಾಕಿದ್ದಳು. ರಿಮ್ಮಾ ತಲೆಯೆತ್ತಿ ಮೇಲೆ ನೋಡಿದಳು ಅಷ್ಟೇ. ಅಜ್ಜಿಯೂ ನೋಡಿದಳು. ಛಾವಣಿಯಲ್ಲಿ ನೀರು ಇಳಿದ ಕಲೆಯೊಂದಿತ್ತು.

“ನಾಲ್ಕನೇ ಮಹಡಿಯಲ್ಲಾ?”

“ಇನ್ನೂ ಮೇಲೆ.”

ಅಜ್ಜಿ ಬಹಳ ಹೊತ್ತು ಕಲೆಯನ್ನೇ ನೋಡಿದಳು. ಬೈಗುಳವಾದರೂ ಬರಲಿ ಎಂದು ರಿಮ್ಮಾ ಕಾದಳು. ನಾಯಿಯೂ ಕಾಯುತ್ತಿತ್ತು. ಕೊನೆಗೆ ಅಜ್ಜಿ ಕಡುಬಿನ ಒಂದು ಚೂರು ಮುರಿದು ರಿಮ್ಮಾಳ ಮುಂದೆ ತಳ್ಳಿದಳು. “ಕೊಡು ಅದಕ್ಕೆ. ಕೂತಿದೆಯಲ್ಲ,” ಎಂದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟ ರಿಮ್ಮಾ ನೋಡಿದಾಗ ಅಜ್ಜಿ ಕುರ್ಚಿಯ ಮೇಲೆ ನಿಂತು ಚೌಕಟ್ಟಿನ ಚೀಟಿಗಳನ್ನು ಚಾಕುವಿನಿಂದ ಕೆರೆಯುತ್ತಿದ್ದಳು. ಗ್ಲಾಫಿರಾಳ ಒಂದನ್ನು ಮುಟ್ಟಿರಲಿಲ್ಲ. ಹೊಸ ಚೀಟಿಗಳಲ್ಲಿ ಎರಡರ ಕೆಳಗೆ ತನ್ನ ಹೆಸರು, ಮೂರರ ಕೆಳಗೆ ರಿಮ್ಮಾಳ ಹೆಸರು, ಅದೇ ದುಂಡು ಅಕ್ಷರ.

“ಇವಳಿಗೆ ಮೂರು ಅಂದ್ರೆ ಈಗ ನೀನು,” ಎಂದಳು ಕುರ್ಚಿಯಿಂದ ಇಳಿಯದೆ, ಮುಖ ತಿರುಗಿಸದೆ. “ಅದನ್ನ ಮರೆಸೋಕೆ ಇನ್ನೊಂದು ಸಲ ಕಟ್ಟಿ ಕೂರಿಸೋದು ನನಗೆ ಬೇಡ. ಮೂರು ನೀನೇ ಇಟ್ಕೋ. ಸಾಯಂಕಾಲ ಬಂದಾಗ ಹೊರಗೆ ನಿಂತು ಎರಡು ಸಲ ಒತ್ತು. ನಾನು ಕಲಿಸ್ತೀನಿ.”

ಅಂದಿನಿಂದ ಕೆಲಸ ಮುಗಿಸಿ ಬಂದವಳು ಕೀಲಿಕೈ ಜೇಬಿನಲ್ಲಿದ್ದರೂ ಮೆಟ್ಟಿಲ ಮೇಲೆ ನಿಂತು ಎರಡು ಸಲ ಒತ್ತುವಳು, ನೂರರವರೆಗೆ ಎಣಿಸಿ ಮತ್ತೆ ಎರಡು ಸಲ. ಮೆಟ್ಟಿಲು ಹತ್ತುವವರು ಒಳಗೆ ಬಿಡಲಿಲ್ಲವೇ ಎಂದು ನಗುವರು. ಹೌದು ಎನ್ನುವಳು. ಒಳಗೆ ಅಜ್ಜಿ ಗುಂಡಿಯ ಮುಂದೆ ಲಂಗದ ಅಂಚು ಹಿಡಿದು, ಅದರ ಬಾಲದ ತುದಿ ಅಲುಗುವುದನ್ನೇ ಕಾಯುತ್ತ ಕೂತಿರುವಳೆಂದು ಅವಳಿಗೆ ಗೊತ್ತು. ಅಕ್ಟೋಬರಿನ ಮೊದಲ ಹಿಮ ಬಿದ್ದ ಸಂಜೆ ಬಾಗಿಲಾಚೆ ಕುಂಟು ಹೆಜ್ಜೆಯ ಸದ್ದು ಬಂತು, ಹತ್ತಿರ ಬಂದು, ತಿರುಗಿ ದೂರ ಓಡಿತು. ಸ್ವಲ್ಪ ಹೊತ್ತಿಗೆ ಅಜ್ಜಿ ತಾನೇ ಬಂದು ಬಾಗಿಲು ತೆಗೆದಳು. “ಯಾರೋ ಬಂದಿದ್ದಾರೆ ಅಂದ್ಲು,” ಎಂದು ಹೇಳಿ ಒಳಗೆ ಹೋದಳು. ರಿಮ್ಮಾಳ ಬೆರಳುಗಳನ್ನು ಅವಳು ಮತ್ತೆಂದೂ ಅಂಗೈಯಲ್ಲಿ ಮುಚ್ಚಿಕೊಳ್ಳಲಿಲ್ಲ.

ರಿಮ್ಮಾಳನ್ನು ಹುಡುಕಿ ಬರುವವರು ಕಡಿಮೆ. ನವೆಂಬರಿನಲ್ಲಿ ಸಂಸ್ಥೆಯ ಡ್ರೈವರ್ ಒಂದು ಕಾಗದ ತಂದ. ಚೀಟಿ ಓದಿ ಮೂರು ಸಲ ಬಾರಿಸಿದ. ಅವಳು ಕೋಣೆಯಿಂದ ಹೊರಬರುವಷ್ಟರಲ್ಲಿ ಪಡಸಾಲೆಯ ತುದಿಯಿಂದ ಕುಂಟುತ್ತ ಬಂದ ಗುಂಡಿ ಅವಳ ಹೊಸ್ತಿಲೆದುರು ಕೂತಾಗಿತ್ತು, ಮುಂಗಾಲು ಜೋಡಿಸಿ. ಈಗ ಅವಳ ಜೇಬಿನಲ್ಲಿ ಯಾವಾಗಲೂ ಕಪ್ಪು ರೊಟ್ಟಿಯ ಚೂರು ಇರುತ್ತದೆ. ಅವಳು ಮಂಡಿಯೂರಿ ಕೊಟ್ಟಳು. ಗ್ಲಾಫಿರಾ ತೆರೆದ ಬಾಗಿಲಿನಲ್ಲಿ ನಿಂತ ಡ್ರೈವರ್ ಟೋಪಿ ಹಿಂದಕ್ಕೆ ಸರಿಸಿ ನೋಡುತ್ತಿದ್ದ.

“ಎಂಥಾ ಶಿಸ್ತಿನ ನಾಯಿ,” ಎಂದ. “ಹ್ಯಾಗೆ ಕಲಿಸಿದ್ರಿ?”

ತುದಿಯ ಕೋಣೆಯ ಬಾಗಿಲು ತೆರೆದಿತ್ತು. ಅಜ್ಜಿ ಅಲ್ಲಿ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು. ರಿಮ್ಮಾ ಮಂಡಿಯ ಮೇಲಿಂದ ಏಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನಾಯಿ ಅವಳ ಅಂಗೈಯನ್ನು ಕೊನೆಯ ಕಣದವರೆಗೂ ನೆಕ್ಕಿ, ಎದ್ದು, ಅಜ್ಜಿಯ ಕಡೆಗೆ ಹೋಯಿತು.